ಗಾಜಾ: ಹೊಣೆ ಯಾರದು, ಪ್ರತಿದಾಳಿಗೆ ಮಿತಿ ಯಾವುದು?

2025ರ ಅಕ್ಟೋಬರ್ 10ರಂದು ಗಾಜಾದಲ್ಲಿ ಕದನವಿರಾಮ ಜಾರಿಗೆ ಬಂತು. 13ರಂದು, ಬದುಕುಳಿದಿದ್ದ ಕೊನೆಯ 20 ಮಂದಿ ಒತ್ತೆಯಾಳುಗಳು ಇಸ್ರೇಲ್‌ಗೆ ಮರಳಿದರು. ಎರಡು ವರ್ಷಗಳ ಯುದ್ಧ ಕೊನೆಗೂ ನಿಂತಿತು ಎಂದು ಜನ ನಂಬತೊಡಗಿದ್ದಾಗಲೇ, ಅದೇ ತಿಂಗಳ 28ರಂದು ರಫಾದಲ್ಲಿ ನಡೆದ ದಾಳಿಯೊಂದರಲ್ಲಿ ಇಸ್ರೇಲಿ ಸೈನಿಕನೊಬ್ಬ ಹತನಾದ. ಗಾಜಾವನ್ನು ಆಳುತ್ತಿದ್ದ ಪ್ಯಾಲೆಸ್ಟೀನಿ ಸಶಸ್ತ್ರ ಸಂಘಟನೆ ಹಮಾಸ್ ಆಗಷ್ಟೇ ಹಿಂದಿರುಗಿಸಿದ್ದ ದೇಹದ ಅವಶೇಷಗಳು ಇನ್ನೂ ಸಿಗಬೇಕಿದ್ದ ಒತ್ತೆಯಾಳಿನವಲ್ಲ, ಬಹಳ ಹಿಂದೆಯೇ ಶವ ಸಿಕ್ಕಿದ್ದ ವ್ಯಕ್ತಿಯೊಬ್ಬರವು ಎಂದು ಪರೀಕ್ಷೆಯಿಂದ ತಿಳಿದು ಇಸ್ರೇಲ್ ಮೊದಲೇ ಕೆರಳಿತ್ತು. ಪ್ರಧಾನಿ ಬೆಂಜಮಿನ್ ನೆತನ್ಯಾಹು ಪ್ರಬಲ ದಾಳಿಗೆ ಆದೇಶಿಸಿದರು. ಆ ರಾತ್ರಿಯ ವಾಯುದಾಳಿಗಳಲ್ಲಿ 104 ಮಂದಿ ಸತ್ತರು, ಅವರಲ್ಲಿ 46 ಮಕ್ಕಳಿದ್ದರು ಎಂದು ಗಾಜಾದ ಆರೋಗ್ಯ ಸಚಿವಾಲಯ ಹೇಳಿತು. ಸಶಸ್ತ್ರ ಗುಂಪುಗಳ 30 ಕಮಾಂಡರ್‌ಗಳ ಮೇಲೆ ದಾಳಿ ನಡೆಸಿದ್ದಾಗಿ ಇಸ್ರೇಲ್ ಸೇನೆ ಹೇಳಿತು. ರಫಾದ ದಾಳಿಗೂ ತನಗೂ ಸಂಬಂಧವಿಲ್ಲ ಎಂದು ಹಮಾಸ್ ಹೇಳಿತು. ಮರುದಿನ ಬೆಳಿಗ್ಗೆ, ಕದನವಿರಾಮ ಮತ್ತೆ ಜಾರಿಯಲ್ಲಿದೆ ಎಂದು ಇಸ್ರೇಲ್ ಪ್ರಕಟಿಸಿತು.

ಈ ಸುದ್ದಿಯನ್ನು ಓದಿದವರಿಗೆ ಸಹಜವಾಗಿಯೇ ಗೊಂದಲವಾಗುತ್ತದೆ. ಒಪ್ಪಂದವನ್ನು ಮುರಿದವರು ಯಾರು? ಒಬ್ಬ ಸೈನಿಕನ ಸಾವಿಗೆ ನೂರಕ್ಕೂ ಹೆಚ್ಚು ಸಾವು ಉತ್ತರವಾಗಬಹುದೇ? ದಾಳಿ ನಡೆಸಿದವರು ಹಮಾಸ್‌ನವರೇ ಆಗಿದ್ದರೆ ಉತ್ತರ ಬೇರೆಯಾಗುತ್ತಿತ್ತೇ? ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ 2023ರ ಅಕ್ಟೋಬರ್ 7ರಿಂದ ಇಂದಿನವರೆಗೆ ನಡೆದಿರುವ ವಾದವೆಲ್ಲ ಸುತ್ತಿ ಸುತ್ತಿ ಇವೇ ಪ್ರಶ್ನೆಗಳಿಗೆ ಬಂದು ನಿಲ್ಲುತ್ತದೆ. ಉತ್ತರ ಸಿಗದಿರಲು ಮುಖ್ಯ ಕಾರಣವೆಂದರೆ, ಬೇರೆ ಬೇರೆಯಾಗಿ ಕೇಳಬೇಕಾದ ಪ್ರಶ್ನೆಗಳನ್ನು ನಾವು ಒಟ್ಟಿಗೇ ಕೇಳುತ್ತಿದ್ದೇವೆ.

ಹೊಣೆಯೆಂಬುದು ಪಾಲು ಹಂಚಿಕೆಯಲ್ಲ

ಈ ಸಂಘರ್ಷದ ಬಗೆಗಿನ ಚರ್ಚೆಗಳಲ್ಲಿ ಒಂದು ಊಹೆ ಯಾರ ಗಮನಕ್ಕೂ ಬಾರದಂತೆ ಕೆಲಸ ಮಾಡುತ್ತಿರುತ್ತದೆ. ಆಗಿರುವ ಅನಾಹುತದ ಒಟ್ಟು ಹೊಣೆ ಇಷ್ಟು ಎಂದು ನಿಗದಿಯಾಗಿದೆ, ಅದರಲ್ಲಿ ಒಬ್ಬರ ಪಾಲು ಹೆಚ್ಚಾದರೆ ಇನ್ನೊಬ್ಬರ ಪಾಲು ಅಷ್ಟೇ ಕಡಿಮೆಯಾಗುತ್ತದೆ ಎಂಬ ಊಹೆ ಅದು. ಹಾಗಾಗಿ ಹಮಾಸ್‌ನ ಕ್ರೌರ್ಯವನ್ನು ಎತ್ತಿ ಹೇಳಿದವರು ಇಸ್ರೇಲ್‌ನ ಬಾಂಬುಗಳಿಗೆ ರಿಯಾಯಿತಿ ಕೊಡುತ್ತಿದ್ದಾರೆ ಎಂದೂ, ಗಾಜಾದ ಮಕ್ಕಳ ಸಾವನ್ನು ಎತ್ತಿ ಹೇಳಿದವರು ಅಕ್ಟೋಬರ್ 7ನ್ನು ಮರೆಸುತ್ತಿದ್ದಾರೆ ಎಂದೂ ಆರೋಪಗಳು ಹುಟ್ಟುತ್ತವೆ.

ಯುದ್ಧದ ನಿಯಮಗಳು ಈ ಊಹೆಯನ್ನು ಒಪ್ಪುವುದಿಲ್ಲ. ಯುದ್ಧಕ್ಕೆ ಇಳಿಯಲು ಕಾರಣವಿತ್ತೇ ಎಂಬುದು ಒಂದು ಪ್ರಶ್ನೆ. ಇಳಿದ ಮೇಲೆ ಹೇಗೆ ಹೋರಾಡಲಾಯಿತು ಎಂಬುದು ಅದರಿಂದ ಪೂರ್ತಿ ಬೇರೆಯಾದ ಇನ್ನೊಂದು ಪ್ರಶ್ನೆ. ಮೊದಲನೆಯದರಲ್ಲಿ ನ್ಯಾಯ ತನ್ನ ಕಡೆಗಿದ್ದರೂ ಎರಡನೆಯದರಲ್ಲಿ ಒಂದು ಪಕ್ಷ ಅಪರಾಧ ಎಸಗಬಹುದು. ಎದುರಾಳಿ ನಿಯಮ ಮುರಿದನೆಂಬ ಕಾರಣಕ್ಕೆ ನಾಗರಿಕರನ್ನು ಕಾಪಾಡುವ ತನ್ನ ಕರ್ತವ್ಯದಿಂದ ಯಾವ ಪಕ್ಷಕ್ಕೂ ಬಿಡುಗಡೆ ಸಿಗುವುದಿಲ್ಲ ಎಂದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೊಟೊಕಾಲ್‌ನ 51ನೇ ವಿಧಿ ನೇರವಾಗಿಯೇ ಹೇಳುತ್ತದೆ. ಈ ಪ್ರೊಟೊಕಾಲ್‌ಗೆ ಇಸ್ರೇಲ್ ಸಹಿ ಹಾಕಿಲ್ಲ, ಭಾರತವೂ ಹಾಕಿಲ್ಲ. ಆದರೆ ಅದರ ಮೂಲ ತತ್ವಗಳು ಈಗ ರೂಢಿಗತ ಅಂತರರಾಷ್ಟ್ರೀಯ ಕಾನೂನಿನ ಭಾಗವಾಗಿವೆ. ಅವು ಸಹಿ ಹಾಕದವರಿಗೂ ಅನ್ವಯಿಸುತ್ತವೆ.

ಕಾಲಗಣನೆ ಎಲ್ಲಿಂದ ಶುರುವಾಗಬೇಕು

ಇಸ್ರೇಲಿಗರಲ್ಲಿ ಬಹುಪಾಲು ಜನರಿಗೆ ಈ ಯುದ್ಧ ಶುರುವಾದದ್ದು 2023ರ ಅಕ್ಟೋಬರ್ 7ರ ಬೆಳಿಗ್ಗೆ. ಅಂದು ಹಮಾಸ್ ಮತ್ತು ಅದರ ಜೊತೆಗೂಡಿದ ಗುಂಪುಗಳು ಗಡಿಬೇಲಿಯನ್ನು ಒಡೆದು ಬೆಏರಿ, ಕ್ಫಾರ್ ಆಜಾ, ನಿರ್ ಓಜ್‌ನಂಥ ಸಣ್ಣ ವಸತಿಗಳಿಗೂ ನೋವಾ ಸಂಗೀತೋತ್ಸವದ ಬಯಲಿಗೂ ನುಗ್ಗಿ ಸುಮಾರು 1,200 ಜನರನ್ನು ಕೊಂದವು. 251 ಮಂದಿಯನ್ನು ಗಾಜಾಕ್ಕೆ ಎಳೆದೊಯ್ದವು. ಸತ್ತವರಲ್ಲಿ ಹೆಚ್ಚಿನವರು ನಾಗರಿಕರು. ಇಸ್ರೇಲ್‌ನ ವಾದ ಇಲ್ಲಿಂದ ಹೊರಡುತ್ತದೆ: 2005ರಲ್ಲಿ ನಾವು ಗಾಜಾದಿಂದ ಸೈನ್ಯವನ್ನೂ ವಸಾಹತುಗಳನ್ನೂ ತೆರವು ಮಾಡಿದೆವು, ಪ್ರತಿಯಾಗಿ ನಮಗೆ ದೊರೆತದ್ದು ರಾಕೆಟ್‌ಗಳು, ಕೊನೆಗೆ ಈ ಹತ್ಯಾಕಾಂಡ.

ಪ್ಯಾಲೆಸ್ಟೀನಿಯರ ಕಾಲಗಣನೆ ಬೇರೆ. 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಗಾಜಾದ ನಿವಾಸಿಗಳಲ್ಲಿ ಬಹುಪಾಲು ಜನ ಹಾಗೆ ಬಂದು ನೆಲೆಸಿದ ನಿರಾಶ್ರಿತರು ಅಥವಾ ಅವರ ಮಕ್ಕಳು, ಮೊಮ್ಮಕ್ಕಳು. 1967ರ ಯುದ್ಧದಲ್ಲಿ ಇಸ್ರೇಲ್ ಗಾಜಾ, ಪಶ್ಚಿಮ ದಂಡೆ ಮತ್ತು ಪೂರ್ವ ಜೆರುಸಲೇಮ್‌ಗಳನ್ನು ವಶಪಡಿಸಿಕೊಂಡಿತು. 2006ರ ಚುನಾವಣೆಯಲ್ಲಿ ಹಮಾಸ್ ಗೆದ್ದು, 2007ರಲ್ಲಿ ಪ್ರತಿಸ್ಪರ್ಧಿ ಪ್ಯಾಲೆಸ್ಟೀನಿ ಪಕ್ಷವಾದ ಫತಾವನ್ನು ಬಲಪ್ರಯೋಗದಿಂದ ಹೊರಹಾಕಿ ಗಾಜಾದ ಅಧಿಕಾರ ಹಿಡಿದ ಮೇಲೆ, ಇಸ್ರೇಲ್ ಆ 365 ಚದರ ಕಿಲೋಮೀಟರ್ ನೆಲಕ್ಕೆ ಭೂಮಿ, ಕಡಲು, ಆಕಾಶ ಮೂರೂ ಕಡೆಯಿಂದ ದಿಗ್ಬಂಧನ ಹಾಕಿತು. ಈಜಿಪ್ಟ್ ತನ್ನ ಗಡಿಯನ್ನು ಬಿಗಿಮಾಡಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಅಲ್ಲೇ ಉಳಿದರು. 2008ರಿಂದ 2021ರವರೆಗೆ ನಾಲ್ಕು ದೊಡ್ಡ ಸಂಘರ್ಷಗಳು ನಡೆದವು. 2014ರ ಒಂದೇ ಯುದ್ಧದಲ್ಲಿ 2,251 ಪ್ಯಾಲೆಸ್ಟೀನಿಯರು ಸತ್ತರೆಂದು ವಿಶ್ವಸಂಸ್ಥೆಯ ತನಿಖಾ ಆಯೋಗ ದಾಖಲಿಸಿತು.

2023ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರಸ್, ಹಮಾಸ್‌ನ ದಾಳಿ ಶೂನ್ಯದಲ್ಲಿ ಹುಟ್ಟಿದ್ದಲ್ಲ ಎಂದಾಗ ಇಸ್ರೇಲ್ ಅವರ ರಾಜೀನಾಮೆಯನ್ನೇ ಕೇಳಿತು. ಅದೇ ಭಾಷಣದಲ್ಲಿ ಅವರು, ಪ್ಯಾಲೆಸ್ಟೀನಿಯರ ನೋವು ಹಮಾಸ್‌ನ ದಾಳಿಯನ್ನು ಸಮರ್ಥಿಸಲಾರದು, ಆ ದಾಳಿ ಪ್ಯಾಲೆಸ್ಟೀನಿ ಜನರ ಸಾಮೂಹಿಕ ಶಿಕ್ಷೆಯನ್ನು ಸಮರ್ಥಿಸಲಾರದು ಎಂದೂ ಹೇಳಿದ್ದರು. ಕಾರಣವನ್ನು ವಿವರಿಸುವುದೇ ಬೇರೆ, ಕೃತ್ಯವನ್ನು ಒಪ್ಪಿಕೊಳ್ಳುವುದೇ ಬೇರೆ. ಆಕ್ರಮಿತ ಜನರ ಹೋರಾಟದ ಹಕ್ಕನ್ನು, ಸಶಸ್ತ್ರ ಹೋರಾಟವನ್ನೂ ಒಳಗೊಂಡಂತೆ, ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1982ರ ನಿರ್ಣಯವೊಂದರಲ್ಲಿ ಎತ್ತಿಹಿಡಿದಿದೆ. ಆದರೆ ಮನೆಯೊಳಗಿದ್ದವರನ್ನು ಕೊಲ್ಲುವ, ಸಂಗೀತ ಕೇಳುತ್ತಿದ್ದವರನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಹಕ್ಕನ್ನು ಯಾವ ನಿರ್ಣಯವೂ ಯಾರಿಗೂ ಕೊಟ್ಟಿಲ್ಲ. ದಿಗ್ಬಂಧನ ಎಷ್ಟೇ ದೀರ್ಘವಾಗಿದ್ದರೂ ಅಂದು ಗುರಿಯನ್ನು ಆಯ್ದುಕೊಂಡವರು ಹಮಾಸ್‌ನವರು. ಆ ಆಯ್ಕೆಯ ಹೊಣೆ ಪೂರ್ತಿಯಾಗಿ ಅವರದೇ.

ಆತ್ಮರಕ್ಷಣೆಯ ಹಕ್ಕು ಮತ್ತು ಅದರ ಗಡಿ

ಅಂಥ ದಾಳಿಯ ನಂತರ ಇಸ್ರೇಲ್ ಸುಮ್ಮನಿರಬೇಕಿತ್ತು ಎಂದು ಗಂಭೀರವಾಗಿ ವಾದಿಸುವವರು ಕಡಿಮೆ. ವಿವಾದವಿರುವುದು ಕಾನೂನಿನ ಆಧಾರದ ಬಗ್ಗೆ. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಸಶಸ್ತ್ರ ದಾಳಿಗೊಳಗಾದ ರಾಷ್ಟ್ರಕ್ಕೆ ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತದೆ. ಅಮೆರಿಕ, ಬ್ರಿಟನ್, ಜರ್ಮನಿ ಮೊದಲಾದವು ಇದನ್ನೇ ಮುಂದಿಟ್ಟು ಇಸ್ರೇಲ್‌ನ ಬೆಂಬಲಕ್ಕೆ ನಿಂತವು. ಇದಕ್ಕೆ ಎದುರಾಗಿ ಇನ್ನೊಂದು ವಾದವಿದೆ. ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ಕಟ್ಟಿದ ಗೋಡೆಯ ಬಗ್ಗೆ 2004ರಲ್ಲಿ ನೀಡಿದ ಸಲಹಾ ಅಭಿಪ್ರಾಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು, ತನ್ನದೇ ಹತೋಟಿಯಲ್ಲಿರುವ ಆಕ್ರಮಿತ ನೆಲದಿಂದ ಬರುವ ಬೆದರಿಕೆಗೆ 51ನೇ ವಿಧಿ ಅನ್ವಯಿಸುವುದಿಲ್ಲ ಎಂದಿತ್ತು. ಗಾಜಾವನ್ನು ತೊರೆದಾಗಿದೆ, ಹಾಗಾಗಿ ಅದು ಆಕ್ರಮಿತ ಪ್ರದೇಶವಲ್ಲ ಎಂಬುದು ಇಸ್ರೇಲ್‌ನ ಉತ್ತರ. 2024ರ ಜುಲೈ 19ರ ಅಭಿಪ್ರಾಯದಲ್ಲಿ ಅದೇ ನ್ಯಾಯಾಲಯ, ಗಾಜಾದ ಮೇಲೆ ಇಸ್ರೇಲ್ ಉಳಿಸಿಕೊಂಡಿರುವ ಹತೋಟಿ ಎಷ್ಟೋ ಅಷ್ಟರ ಮಟ್ಟಿಗೆ ಆಕ್ರಮಣಕಾರನ ಕರ್ತವ್ಯಗಳೂ ಉಳಿದಿವೆ ಎಂದಿತು.

ಈ ವಾದದಲ್ಲಿ ಗೆಲುವು ಯಾರದೇ ಆಗಲಿ, ಮುಂದಿನ ಪ್ರಶ್ನೆ ತಪ್ಪುವುದಿಲ್ಲ. ಆತ್ಮರಕ್ಷಣೆ ಎಂದರೂ ಅದು ದಾಳಿಯನ್ನು ತಡೆಯಲು, ಮರುಕಳಿಸದಂತೆ ನೋಡಿಕೊಳ್ಳಲು ಅಗತ್ಯವಿರುವಷ್ಟೇ ಬಲವನ್ನು ಬಳಸುವ ಹಕ್ಕು. ಹಮಾಸ್‌ನ ಸೇನಾ ಮತ್ತು ಆಡಳಿತ ಶಕ್ತಿಯನ್ನು ನಾಶಮಾಡುವುದು, ಒತ್ತೆಯಾಳುಗಳನ್ನು ಬಿಡಿಸುವುದು ಇಸ್ರೇಲ್ ಸಾರಿದ ಗುರಿಗಳು. ಎರಡನೆಯ ಗುರಿಯ ಫಲಿತಾಂಶವನ್ನು ಗಮನಿಸಬೇಕು: ಎರಡು ವರ್ಷಗಳಲ್ಲಿ ಸೇನಾ ಕಾರ್ಯಾಚರಣೆ ಜೀವಂತವಾಗಿ ಬಿಡಿಸಿ ತಂದದ್ದು ಎಂಟು ಮಂದಿಯನ್ನು. ಬದುಕಿ ಮರಳಿದ ಉಳಿದವರಲ್ಲಿ ಬಹುತೇಕ ಎಲ್ಲರೂ ಬಂದದ್ದು 2023ರ ನವೆಂಬರ್, 2025ರ ಜನವರಿ ಮತ್ತು ಅಕ್ಟೋಬರ್‌ನ ಒಪ್ಪಂದಗಳ ಮೂಲಕ. ಸೇನೆಯ ಒತ್ತಡವೇ ಹಮಾಸ್ ಅನ್ನು ಒಪ್ಪಂದಕ್ಕೆ ಎಳೆದು ತಂದಿತು ಎಂದು ಇಸ್ರೇಲ್ ಸರ್ಕಾರ ವಾದಿಸುತ್ತದೆ. ಒತ್ತೆಯಾಳುಗಳ ಕುಟುಂಬಗಳಲ್ಲಿ ಅನೇಕರು ಟೆಲ್ ಅವಿವ್‌ನ ಬೀದಿಗಳಲ್ಲಿ ವಾರವಾರವೂ ಹೇಳಿದ್ದು ಇದಕ್ಕೆ ತದ್ವಿರುದ್ಧ: ಯುದ್ಧ ಮುಂದುವರಿದಷ್ಟೂ ನಮ್ಮವರು ಸಾಯುತ್ತಾರೆ, ಮೊದಲು ಒಪ್ಪಂದ ಮಾಡಿಕೊಳ್ಳಿ. 2023ರ ಡಿಸೆಂಬರ್ 15ರಂದು ಶುಜಾಇಯಾದಲ್ಲಿ, ಬಿಳಿ ಬಟ್ಟೆ ಹಿಡಿದು ಹೊರಬಂದ ಮೂವರು ಒತ್ತೆಯಾಳುಗಳನ್ನು ಇಸ್ರೇಲಿ ಸೈನಿಕರೇ ಶತ್ರುಗಳೆಂದು ತಿಳಿದು ಗುಂಡಿಟ್ಟು ಕೊಂದದ್ದು ಅವರ ಆತಂಕಕ್ಕೆ ಪುರಾವೆಯಂತಾಯಿತು.

ನುಸೈರಾತ್‌ನ ಒಂದು ಮಧ್ಯಾಹ್ನ

ಪ್ರತಿದಾಳಿಯ ಪ್ರಮಾಣದ ಬಗ್ಗೆ ಸಾಮಾನ್ಯವಾಗಿ ನಡೆಯುವ ಚರ್ಚೆ ಹೆಣಗಳ ಎಣಿಕೆಯಲ್ಲಿ ಮುಗಿಯುತ್ತದೆ: ಅಲ್ಲಿ 1,200, ಇಲ್ಲಿ ಗಾಜಾ ಆರೋಗ್ಯ ಸಚಿವಾಲಯದ ಪ್ರಕಾರ 2025ರ ಅಕ್ಟೋಬರ್ ವೇಳೆಗೆ 67,000ಕ್ಕೂ ಹೆಚ್ಚು. ಈ ಅಂತರ ಭೀಕರವಾದದ್ದು, ಅದನ್ನು ಬದಿಗಿಟ್ಟು ಏನನ್ನೂ ಮಾತನಾಡಲಾಗದು. ಆದರೂ ಒಂದೊಂದು ದಾಳಿಯನ್ನು ಅಳೆಯುವಾಗ ಕಾನೂನು ಕೇಳುವುದು ಬೇರೆಯೇ ಪ್ರಶ್ನೆ. ದಾಳಿಗೆ ಆದೇಶಿಸಿದ ಅಧಿಕಾರಿಗೆ ಆ ಗಳಿಗೆಯಲ್ಲಿ ಏನು ಗೊತ್ತಿತ್ತು? ಅದರಿಂದ ದೊರೆಯಬಹುದಾಗಿದ್ದ ನೇರವಾದ, ಸ್ಪಷ್ಟವಾದ ಸೇನಾ ಅನುಕೂಲ ಎಷ್ಟು? ನಿರೀಕ್ಷಿಸಬಹುದಾಗಿದ್ದ ನಾಗರಿಕ ಹಾನಿ ಅದಕ್ಕೆ ಹೋಲಿಸಿದರೆ ವಿಪರೀತವೇ? ಹಾನಿ ಕಡಿಮೆ ಮಾಡುವ ಬೇರೆ ದಾರಿ, ಬೇರೆ ಆಯುಧ, ಬೇರೆ ಹೊತ್ತು ಇತ್ತೇ?

2024ರ ಜೂನ್ 8ರ ಘಟನೆಯನ್ನು ಹತ್ತಿರದಿಂದ ನೋಡಿದರೆ ಈ ಪ್ರಶ್ನೆಗಳ ತೂಕ ತಿಳಿಯುತ್ತದೆ. ಮಧ್ಯ ಗಾಜಾದ ನುಸೈರಾತ್ ನಿರಾಶ್ರಿತರ ಶಿಬಿರ ಎಂದರೆ ಡೇರೆಗಳ ಸಾಲಲ್ಲ, ಇಕ್ಕಟ್ಟಾದ ಓಣಿಗಳ ನಡುವೆ ಒತ್ತೊತ್ತಾಗಿ ಎದ್ದ ಬಹುಮಹಡಿ ಮನೆಗಳ ಪಟ್ಟಣ. ಅಲ್ಲಿನ ಎರಡು ವಸತಿ ಕಟ್ಟಡಗಳಲ್ಲಿ ನಾಲ್ವರು ಒತ್ತೆಯಾಳುಗಳನ್ನು ಇರಿಸಲಾಗಿತ್ತು. ಇಸ್ರೇಲಿ ಪಡೆಗಳು ಹಾಡಹಗಲಿನಲ್ಲಿ, ಜನ ಸಂತೆಯಲ್ಲಿದ್ದ ಹೊತ್ತಿನಲ್ಲಿ, ಒಳನುಗ್ಗಿದವು. ನಾಲ್ವರೂ ಜೀವಂತವಾಗಿ ಸಿಕ್ಕರು. ಹೊರಬರುವ ದಾರಿಯಲ್ಲಿ ಗುಂಡಿನ ಕಾಳಗ ಶುರುವಾಗಿ, ಪಡೆಗಳಿಗೆ ರಕ್ಷಣೆ ಕೊಡಲು ವಿಮಾನಗಳು ಸುತ್ತಲಿನ ಪ್ರದೇಶದ ಮೇಲೆ ಭಾರಿ ದಾಳಿ ನಡೆಸಿದವು. 274 ಜನ ಸತ್ತರೆಂದು ಗಾಜಾದ ಅಧಿಕಾರಿಗಳು ಹೇಳಿದರು. ಹಾನಿಗೊಳಗಾದವರು ನೂರಕ್ಕಿಂತ ಕಡಿಮೆ ಎಂಬುದು ಇಸ್ರೇಲ್ ಸೇನೆಯ ಅಂದಾಜು. ಇಸ್ರೇಲ್‌ನ ಒಬ್ಬ ಅಧಿಕಾರಿಯೂ ಪ್ರಾಣ ಕಳೆದುಕೊಂಡ.

ಇಲ್ಲಿ ಹೊಣೆ ಯಾರದು? ಒತ್ತೆಯಾಳುಗಳನ್ನು ಬಿಡಿಸುವುದು ನ್ಯಾಯವಾದ ಗುರಿ ಎಂಬುದರಲ್ಲಿ ಸಂಶಯವಿಲ್ಲ. ಜನ ವಾಸಿಸುವ ಮಹಡಿಗಳಲ್ಲಿ ಅವರನ್ನು ಬಚ್ಚಿಟ್ಟು, ಇಡೀ ಬಡಾವಣೆಯನ್ನು ಅಪಾಯಕ್ಕೆ ಒಡ್ಡಿದವರು ಅವರನ್ನು ಅಪಹರಿಸಿದವರು. ಹಗಲು ಹೊತ್ತನ್ನು ಆರಿಸಿಕೊಂಡು, ಕಿಕ್ಕಿರಿದ ಬೀದಿಗಳ ಮೇಲೆ ಅಷ್ಟು ಬೆಂಕಿ ಸುರಿಸಿದವರು ಇಸ್ರೇಲ್ ಸೇನೆಯವರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮೂರು ದಿನಗಳ ನಂತರ, ಎರಡೂ ಕಡೆಯ ನಡೆಗಳು ಯುದ್ಧಾಪರಾಧ ಆಗಿರಬಹುದು ಎಂದಿತು. ಕೆಲವರಿಗೆ ಇದು ಜಾಣ ಸಮತೋಲನದ ಮಾತೆನಿಸಿತು. ನನ್ನ ದೃಷ್ಟಿಯಲ್ಲಿ ಅದು ಇಲ್ಲಿ ಹೇಳಬಹುದಾದ ನಿಖರವಾದ ಮಾತು. ಎರಡು ಬೇರೆ ಕೃತ್ಯಗಳಿವೆ, ಎರಡಕ್ಕೂ ಬೇರೆ ಬೇರೆ ಕರ್ತೃಗಳಿದ್ದಾರೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಾಗರಿಕರನ್ನು ಗುರಾಣಿಯಾಗಿ ಬಳಸಿದ್ದಾರೆ ಎಂಬ ಆರೋಪ ನಿಜವಾಗಿರುವಲ್ಲೂ, ಗುರಾಣಿಯಾದವನು ನಾಗರಿಕನಾಗಿಯೇ ಉಳಿಯುತ್ತಾನೆ; ಅವನ ಜೀವಕ್ಕೆ ಬೆಲೆ ಕಟ್ಟುವ ಕೆಲಸ ಗುಂಡು ಹಾರಿಸುವವನ ತಲೆಯ ಮೇಲೇ ಇರುತ್ತದೆ.

ಲೆಕ್ಕಕ್ಕೇ ಅವಕಾಶವಿಲ್ಲದ ನಿಷೇಧಗಳು

ಪ್ರಮಾಣದ ಚರ್ಚೆಯಲ್ಲಿ ಮರೆಯಾಗುವ ಮುಖ್ಯ ಅಂಶವೊಂದಿದೆ. ಕೆಲವು ಕೃತ್ಯಗಳ ವಿಷಯದಲ್ಲಿ ಸೇನಾ ಅನುಕೂಲವನ್ನು ತಕ್ಕಡಿಯಲ್ಲಿ ಇಡುವ ಪ್ರಶ್ನೆಯೇ ಬರುವುದಿಲ್ಲ. ಅವು ಎಲ್ಲ ಸಂದರ್ಭಗಳಲ್ಲೂ ನಿಷಿದ್ಧ. 1949ರ ನಾಲ್ಕನೇ ಜಿನೀವಾ ಒಪ್ಪಂದದ 34ನೇ ವಿಧಿ ಒತ್ತೆಯಾಳುಗಳನ್ನು ಹಿಡಿಯುವುದನ್ನು ನಿಷೇಧಿಸುತ್ತದೆ. ದಿಗ್ಬಂಧನಕ್ಕೆ ಉತ್ತರವಾಗಿ, ಜೈಲಿನಲ್ಲಿರುವ ತಮ್ಮವರ ಬಿಡುಗಡೆಗಾಗಿ ಹೀಗೆ ಮಾಡಿದೆವು ಎಂಬ ಹಮಾಸ್‌ನ ಸಮರ್ಥನೆಗೆ ಅಲ್ಲಿ ಜಾಗವಿಲ್ಲ. ಅದರ ಹಿಂದಿನ 33ನೇ ವಿಧಿ, ತಾನು ಸ್ವತಃ ಮಾಡದ ತಪ್ಪಿಗೆ ಯಾರನ್ನೂ ಶಿಕ್ಷಿಸಕೂಡದು ಎನ್ನುತ್ತದೆ. ಸಾಮೂಹಿಕ ಶಿಕ್ಷೆಗೆ ಅಲ್ಲಿ ಜಾಗವಿಲ್ಲ. ನಾಗರಿಕರನ್ನು ಹಸಿವಿಗೆ ಕೆಡಹುವುದನ್ನು ಯುದ್ಧದ ತಂತ್ರವಾಗಿ ಬಳಸುವುದೂ ಇದೇ ಸಾಲಿಗೆ ಸೇರುತ್ತದೆ.

2023ರ ಅಕ್ಟೋಬರ್ 9ರಂದು ಅಂದಿನ ರಕ್ಷಣಾ ಸಚಿವ ಯೋವ್ ಗಲಾಂಟ್ ಗಾಜಾಕ್ಕೆ ಸಂಪೂರ್ಣ ಮುತ್ತಿಗೆಯನ್ನು ಘೋಷಿಸಿ, ವಿದ್ಯುತ್ತಿಲ್ಲ, ಆಹಾರವಿಲ್ಲ, ಇಂಧನವಿಲ್ಲ ಎಂದರು. ಇದು ಒಬ್ಬ ಸೈನಿಕನ ಬಾಯಿತಪ್ಪಿದ ಮಾತಲ್ಲ, ಸಚಿವರೊಬ್ಬರ ಬಹಿರಂಗ ಪ್ರಕಟಣೆ. ಮುಂದೆ ನೆರವು ಕೆಲವೊಮ್ಮೆ ಹರಿಯಿತು, ಕೆಲವೊಮ್ಮೆ ತೊಟ್ಟಿಕ್ಕಿತು. 2025ರ ಮಾರ್ಚ್ 2ರಿಂದ ಸುಮಾರು 11 ವಾರಗಳ ಕಾಲ ಇಸ್ರೇಲ್ ಎಲ್ಲ ಸರಕುಗಳ ಪ್ರವೇಶವನ್ನು ಪೂರ್ತಿಯಾಗಿ ನಿಲ್ಲಿಸಿತು. ಹಮಾಸ್ ನೆರವನ್ನು ಕದಿಯುತ್ತಿದೆ, ಅದರಿಂದಲೇ ಬಲ ಪಡೆಯುತ್ತಿದೆ ಎಂಬುದು ಕೊಟ್ಟ ಕಾರಣ. ಆಹಾರ ಭದ್ರತೆಯನ್ನು ಅಳೆಯುವ ಜಾಗತಿಕ ವ್ಯವಸ್ಥೆಯಾದ ಐಪಿಸಿ ಆಗಸ್ಟ್ 22ರಂದು ಗಾಜಾ ನಗರ ಮತ್ತು ಸುತ್ತಲಿನ ಪ್ರದೇಶದಲ್ಲಿ ಬರಗಾಲವಿದೆ ಎಂದು ದೃಢಪಡಿಸಿತು. ಐದು ಲಕ್ಷಕ್ಕೂ ಹೆಚ್ಚು ಜನ ಹಸಿವಿನ ಅತ್ಯಂತ ತೀವ್ರ ಹಂತದಲ್ಲಿದ್ದಾರೆ ಎಂದಿತು. ಇಸ್ರೇಲ್ ಈ ವರದಿಯನ್ನು ತಳ್ಳಿಹಾಕಿತು.

ಇಸ್ರೇಲ್‌ನ ಆತ್ಮರಕ್ಷಣೆಯ ಹಕ್ಕನ್ನು ಪೂರ್ತಿಯಾಗಿ ಒಪ್ಪಿದವರೂ ಸಮರ್ಥಿಸಲಾಗದ ಭಾಗ ಇದು. ಒಂದು ಕಟ್ಟಡದ ಮೇಲೆ ಬಿದ್ದ ಬಾಂಬಿನ ಕೆಳಗೆ ಸುರಂಗವಿತ್ತೋ ಇಲ್ಲವೋ ಎಂದು ವಾದಿಸಬಹುದು. ಒಂದು ವರ್ಷದ ಮಗುವಿಗೆ ಹಾಲಿನ ಪುಡಿ ತಲುಪದಂತೆ ಮಾಡುವುದರಲ್ಲಿ ಅಂಥ ವಾದಕ್ಕೆ ಎಡೆಯಿಲ್ಲ. ಹಮಾಸ್ ನೆರವನ್ನು ಕದ್ದದ್ದೇ ನಿಜವಾಗಿದ್ದರೂ ಅದಕ್ಕೆ ಪರಿಹಾರ ಹಂಚಿಕೆಯ ಮೇಲ್ವಿಚಾರಣೆಯನ್ನು ಬಿಗಿಗೊಳಿಸುವುದು. ಇಡೀ ಜನಸಮುದಾಯದ ಊಟವನ್ನು ನಿಲ್ಲಿಸುವುದಲ್ಲ.

ನ್ಯಾಯಾಲಯಗಳು ಹೇಳಿದ್ದೇನು, ಹೇಳದಿರುವುದೇನು

ಹೇಗ್ ನಗರದಲ್ಲಿ ಎರಡು ನ್ಯಾಯಾಲಯಗಳಿವೆ, ಸುದ್ದಿಗಳಲ್ಲಿ ಎರಡೂ ಆಗಾಗ ಒಂದಾಗಿಬಿಡುತ್ತವೆ. ಅಂತರರಾಷ್ಟ್ರೀಯ ನ್ಯಾಯಾಲಯವಾದ ಐಸಿಜೆ ರಾಷ್ಟ್ರಗಳ ಹೊಣೆಯನ್ನು ವಿಚಾರಿಸುತ್ತದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಾದ ಐಸಿಸಿ ವ್ಯಕ್ತಿಗಳ ಹೊಣೆಯನ್ನು ವಿಚಾರಿಸುತ್ತದೆ.

ಜನಾಂಗಹತ್ಯೆಯ ವಿರುದ್ಧದ 1948ರ ಒಪ್ಪಂದವನ್ನು ಇಸ್ರೇಲ್ ಉಲ್ಲಂಘಿಸಿದೆ ಎಂದು ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್ 29ರಂದು ಐಸಿಜೆಯಲ್ಲಿ ದಾವೆ ಹೂಡಿತು. 2024ರ ಜನವರಿ 26ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ, ಜನಾಂಗಹತ್ಯೆಯ ಕೃತ್ಯಗಳನ್ನು ತಡೆಯಬೇಕು, ಅದಕ್ಕೆ ಪ್ರಚೋದಿಸುವವರನ್ನು ಶಿಕ್ಷಿಸಬೇಕು, ನೆರವು ತಲುಪಿಸಬೇಕು, ಸಾಕ್ಷ್ಯಗಳನ್ನು ಕಾಪಾಡಬೇಕು ಎಂದು ಇಸ್ರೇಲ್‌ಗೆ ನಿರ್ದೇಶಿಸಿತು. ಭಾರತದ ನ್ಯಾಯಮೂರ್ತಿ ದಲವೀರ್ ಭಂಡಾರಿ ಬಹುಮತದ ಜೊತೆಗಿದ್ದರು. ಒತ್ತೆಯಾಳುಗಳನ್ನು ಷರತ್ತಿಲ್ಲದೆ ಬಿಡುಗಡೆ ಮಾಡಬೇಕೆಂದೂ ನ್ಯಾಯಾಲಯ ಅಂದೇ ಕೇಳಿತು. ಜನಾಂಗಹತ್ಯೆ ನಡೆದಿದೆ ಎಂದು ಅದು ತೀರ್ಪು ಕೊಟ್ಟಿತು ಎಂಬುದು ತಪ್ಪು. ದೂರಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕಿತು ಎಂಬುದೂ ತಪ್ಪು. ಅಂತಿಮ ತೀರ್ಪಿಗೆ ಇನ್ನೂ ವರ್ಷಗಳೇ ಬೇಕು. ಬೋಸ್ನಿಯಾ 1993ರಲ್ಲಿ ಹೂಡಿದ ಇಂಥದೇ ದಾವೆಯ ತೀರ್ಪು ಬಂದದ್ದು 2007ರಲ್ಲಿ. ಈ ನಡುವೆ ನವಿ ಪಿಳ್ಳೈ ನೇತೃತ್ವದ ವಿಶ್ವಸಂಸ್ಥೆಯ ತನಿಖಾ ಆಯೋಗ 2025ರ ಸೆಪ್ಟೆಂಬರ್ 16ರಂದು, ಗಾಜಾದಲ್ಲಿ ಜನಾಂಗಹತ್ಯೆ ನಡೆದಿದೆ ಎಂಬ ತೀರ್ಮಾನಕ್ಕೆ ಬಂತು. ಅದು ಸುಳ್ಳು, ತಿರುಚಿದ್ದು ಎಂದು ಇಸ್ರೇಲ್ ಹೇಳಿತು. ಆಯೋಗದ ತೀರ್ಮಾನಕ್ಕೆ ನ್ಯಾಯಾಲಯದ ತೀರ್ಪಿನ ಬಲವಿಲ್ಲ, ಆದರೆ ಅದು ಕಲೆಹಾಕಿದ ಸಾಕ್ಷ್ಯ ಮುಂದೆ ನ್ಯಾಯಾಲಯದಲ್ಲಿ ಬಳಕೆಯಾಗಬಲ್ಲದು. ನಾಗರಿಕರ ಸಾವು ಎಷ್ಟು ಎಂಬುದಕ್ಕಿಂತಲೂ, ಒಂದು ಜನಸಮೂಹವನ್ನು ಪೂರ್ತಿಯಾಗಿ ಅಥವಾ ಭಾಗಶಃ ನಾಶಮಾಡುವ ಉದ್ದೇಶವಿತ್ತೇ ಎಂಬುದೇ ಅಲ್ಲಿ ನಿರ್ಣಾಯಕ ಪ್ರಶ್ನೆ. ಅದನ್ನು ಸಾಬೀತು ಮಾಡುವುದು ಕಷ್ಟ.

ಐಸಿಸಿ 2024ರ ನವೆಂಬರ್ 21ರಂದು ನೆತನ್ಯಾಹು, ಗಲಾಂಟ್ ಮತ್ತು ಹಮಾಸ್‌ನ ಸೇನಾ ಮುಖ್ಯಸ್ಥ ಮೊಹಮ್ಮದ್ ದೈಫ್ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಇಸ್ರೇಲಿ ನಾಯಕರಿಬ್ಬರ ಮೇಲಿನ ಆರೋಪಗಳಲ್ಲಿ ಹಸಿವನ್ನು ಯುದ್ಧತಂತ್ರವಾಗಿ ಬಳಸಿದ್ದೂ ಒಂದು. ದೈಫ್ ಆಗಲೇ ಇಸ್ರೇಲ್‌ನ ದಾಳಿಯಲ್ಲಿ ಸತ್ತಾಗಿತ್ತು. ಹಮಾಸ್‌ನ ನಾಯಕರಾದ ಇಸ್ಮಾಯಿಲ್ ಹನಿಯೆ ಮತ್ತು ಯಾಹ್ಯಾ ಸಿನ್ವಾರ್ ಕೂಡ ಅದೇ ವರ್ಷ ಹತರಾಗಿದ್ದರು. ಹೀಗಾಗಿ ಅಕ್ಟೋಬರ್ 7ರ ಯೋಜನೆ ಹೇಗೆ ರೂಪುಗೊಂಡಿತು, ಆದೇಶ ಯಾರದು ಎಂಬುದನ್ನು ಬಿಚ್ಚಿಡಬೇಕಿದ್ದ ವಿಚಾರಣೆ ನಡೆಯುವ ಸಾಧ್ಯತೆಯೇ ಬಹುತೇಕ ಮುಗಿದಂತಾಗಿದೆ. ಇಸ್ರೇಲಿ ಸಂತ್ರಸ್ತರ ಪಾಲಿಗೂ ಇದು ನಷ್ಟವೇ. ಇತ್ತ ಅಮೆರಿಕ ಐಸಿಸಿಯ ಪ್ರಾಸಿಕ್ಯೂಟರ್ ಮತ್ತು ನ್ಯಾಯಾಧೀಶರ ಮೇಲೆಯೇ ನಿರ್ಬಂಧ ಹೇರಿದೆ. 2025ರ ಏಪ್ರಿಲ್‌ನಲ್ಲಿ ಹಂಗೆರಿ ನೆತನ್ಯಾಹು ಅವರನ್ನು ಸ್ವಾಗತಿಸಿ, ನ್ಯಾಯಾಲಯದಿಂದ ಹೊರಬರುವುದಾಗಿ ಪ್ರಕಟಿಸಿತು.

ಒಳಗಿನ ಲೆಕ್ಕ

ತನ್ನ ಸ್ವತಂತ್ರ ನ್ಯಾಯಾಂಗವೇ ತನ್ನವರನ್ನು ವಿಚಾರಿಸಬಲ್ಲದು, ಹೊರಗಿನ ನ್ಯಾಯಾಲಯ ಬೇಕಿಲ್ಲ ಎಂಬುದು ಇಸ್ರೇಲ್‌ನ ನಿಲುವು. 2024ರ ಏಪ್ರಿಲ್ 1ರಂದು ದೇರ್ ಅಲ್ ಬಲಾದಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆಯ ಮೂರು ಕಾರುಗಳ ಮೇಲೆ ಒಂದರ ಹಿಂದೆ ಒಂದರಂತೆ ಡ್ರೋನ್ ದಾಳಿ ನಡೆದು ಏಳು ನೆರವು ಕಾರ್ಯಕರ್ತರು ಸತ್ತಾಗ ಸೇನೆ ಕೆಲವೇ ದಿನಗಳಲ್ಲಿ ತನಿಖೆ ಮುಗಿಸಿ, ತಪ್ಪೊಪ್ಪಿಕೊಂಡು, ಇಬ್ಬರು ಅಧಿಕಾರಿಗಳನ್ನು ವಜಾ ಮಾಡಿತು. ಸತ್ತವರಲ್ಲಿ ಆಸ್ಟ್ರೇಲಿಯಾ, ಬ್ರಿಟನ್, ಪೋಲೆಂಡ್ ದೇಶಗಳ ಪ್ರಜೆಗಳಿದ್ದರು. ಪ್ಯಾಲೆಸ್ಟೀನಿಯರು ಮಾತ್ರವೇ ಸತ್ತ ಸಾವಿರಾರು ಘಟನೆಗಳಲ್ಲಿ ಅಂಥ ಚುರುಕುತನ ಕಂಡುಬಂದಿಲ್ಲ.

ಅಕ್ಟೋಬರ್ 7ನ್ನು ತಡೆಯಲಾಗದ ವೈಫಲ್ಯದ ಹೊಣೆ ಹೊತ್ತು ಸೇನಾ ಗುಪ್ತಚರ ಮುಖ್ಯಸ್ಥ ಅಹರೋನ್ ಹಲೀವಾ ಮತ್ತು ಸೇನಾ ಮುಖ್ಯಸ್ಥ ಹೆರ್ಜಿ ಹಲೇವಿ ರಾಜೀನಾಮೆ ಕೊಟ್ಟರು. ರಾಜಕೀಯ ನಾಯಕತ್ವ ಮಾತ್ರ, ಸ್ವತಂತ್ರವಾದ ರಾಷ್ಟ್ರೀಯ ತನಿಖಾ ಆಯೋಗ ಬೇಕೆಂಬ ಸಂತ್ರಸ್ತ ಕುಟುಂಬಗಳ ಬೇಡಿಕೆಯನ್ನು ತಡೆಯುತ್ತಲೇ ಬಂದಿದೆ. ಹಮಾಸ್‌ನಲ್ಲಂತೂ ಇಂಥ ಆತ್ಮಪರಿಶೀಲನೆಯ ಸುಳಿವೇ ಇಲ್ಲ. ತನ್ನ ಹೋರಾಟಗಾರರಿಗಾಗಿ ನೂರಾರು ಕಿಲೋಮೀಟರ್ ಸುರಂಗ ಕೊರೆದ ಸಂಘಟನೆ, ಪ್ರತಿದಾಳಿ ಖಚಿತವೆಂದು ತಿಳಿದೂ, ನಾಗರಿಕರಿಗೆ ಒಂದು ಬಾಂಬ್ ಆಶ್ರಯವನ್ನೂ ಏಕೆ ಕಟ್ಟಲಿಲ್ಲ ಎಂಬ ಪ್ರಶ್ನೆ ಗಾಜಾದ ಜನರದ್ದೂ ಹೌದು. 2025ರ ಮಾರ್ಚ್‌ನಲ್ಲಿ ಬೇತ್ ಲಾಹಿಯಾದ ಬೀದಿಗಳಲ್ಲಿ ಜನ ಹಮಾಸ್ ವಿರುದ್ಧವೇ ಘೋಷಣೆ ಕೂಗಿದರು.

ಭಾರತದ ನಿಲುವು

1974ರಲ್ಲಿ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಗೆ (ಪಿಎಲ್‌ಒ), 1988ರಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರಕ್ಕೆ ಮಾನ್ಯತೆ ಕೊಟ್ಟ ಭಾರತ, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಈಗ ರಕ್ಷಣಾ ಸಾಮಗ್ರಿಯ ಖರೀದಿಯಿಂದ ಹಿಡಿದು, ವೃದ್ಧರ ಆರೈಕೆಗೆಂದು ದಕ್ಷಿಣ ಕನ್ನಡ ಮತ್ತು ಉಡುಪಿಯಿಂದ ಹೋಗಿ ದುಡಿಯುತ್ತಿರುವವರವರೆಗೆ ಈ ನಂಟು ವ್ಯಾಪಿಸಿದೆ. ಸಾಮಾನ್ಯ ಸಭೆಯಲ್ಲಿ ಭಾರತದ ಮತಗಳು ಅತ್ತಿತ್ತ ಓಲಾಡಿವೆ. 2023ರ ಅಕ್ಟೋಬರ್ 27ರ ನಿರ್ಣಯದಲ್ಲಿ ಹಮಾಸ್‌ನ ಹೆಸರಿರಲಿಲ್ಲವೆಂದು ತಟಸ್ಥ ನಿಲುವು. ಡಿಸೆಂಬರ್ 12ರಂದು ಕದನವಿರಾಮದ ಪರ. 2025ರ ಜೂನ್ 12ರಂದು ಮತ್ತೆ ತಟಸ್ಥ. ಸೆಪ್ಟೆಂಬರ್ 12ರಂದು ಎರಡು ರಾಷ್ಟ್ರಗಳ ಪರಿಹಾರದ ಪರ. ಭಯೋತ್ಪಾದನೆಯನ್ನು ಹೆಸರಿಟ್ಟು ಖಂಡಿಸಬೇಕೆಂಬ ಆಗ್ರಹ ಸರಿಯಾದದ್ದೇ. ಆದರೆ ಜನ ಹಸಿದು ಸಾಯುತ್ತಿದ್ದ ಜೂನ್ ತಿಂಗಳಲ್ಲಿ ಕದನವಿರಾಮದ ನಿರ್ಣಯಕ್ಕೆ ಬೆಂಬಲ ಕೊಡದಿರುವುದನ್ನು ಆ ಆಗ್ರಹದಿಂದ ವಿವರಿಸಲಾಗದು.

ಮುಂದೇನಾಗಬಹುದು

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2025ರ ನವೆಂಬರ್ 17ರಂದು ಅಂಗೀಕರಿಸಿದ 2803ನೇ ನಿರ್ಣಯ, ಗಾಜಾದ ಆಡಳಿತದ ಉಸ್ತುವಾರಿಗೆ ಶಾಂತಿ ಮಂಡಳಿಯೊಂದನ್ನೂ ಭದ್ರತೆಗೆ ಅಂತರರಾಷ್ಟ್ರೀಯ ಪಡೆಯೊಂದನ್ನೂ ಒಪ್ಪಿಕೊಂಡಿತು. 13 ಮತಗಳು ಪರವಾಗಿ ಬಿದ್ದವು. ರಷ್ಯಾ, ಚೀನಾ ತಟಸ್ಥವಾಗಿ ಉಳಿದವು. ಅಕ್ಟೋಬರ್‌ನ ಕದನವಿರಾಮ ಒಪ್ಪಂದದ ಪ್ರಕಾರ ಹಿಂದೆ ಸರಿದ ಮೇಲೂ ಗಾಜಾದ ಅರ್ಧಕ್ಕಿಂತ ಹೆಚ್ಚು ನೆಲ ಇಸ್ರೇಲ್ ಸೇನೆಯ ಕೈಯಲ್ಲಿ ಉಳಿಯಿತು. ಉಳಿದ ಭಾಗದಲ್ಲಿ ಹಮಾಸ್ ಮತ್ತೆ ಬೀದಿಗಿಳಿಯಿತು. ಅದು ಶಸ್ತ್ರ ಕೆಳಗಿಟ್ಟರೆ ಮಾತ್ರ ಇಸ್ರೇಲ್ ಮತ್ತಷ್ಟು ಹಿಂದೆ ಸರಿಯುತ್ತದೆ, ಇಸ್ರೇಲ್ ಸರಿಯುವವರೆಗೆ ಹಮಾಸ್ ಶಸ್ತ್ರ ಕೆಳಗಿಡುವುದಿಲ್ಲ.

ಇಂಥ ಸ್ಥಿತಿಯಲ್ಲಿ ಅಕ್ಟೋಬರ್ 28ರ ಮಾದರಿ ಬಹಳ ಅಪಾಯಕಾರಿ. ಪ್ರತಿಯೊಂದು ಉಲ್ಲಂಘನೆಗೂ, ಅದು ಯಾರದೆಂದು ಖಚಿತವಾಗುವ ಮೊದಲೇ, ಹಲವು ಪಟ್ಟು ದೊಡ್ಡ ದಾಳಿಯೇ ಉತ್ತರವಾದರೆ, ಶಾಂತಿಯ ಕೀಲಿಕೈ ಯಾರ ಮಾತನ್ನೂ ಕೇಳದ ಅತಿ ಚಿಕ್ಕ ಸಶಸ್ತ್ರ ಗುಂಪಿನ ಕೈಗೆ ಹೋಗುತ್ತದೆ. ಒಪ್ಪಂದ ಮುರಿಯಬೇಕೆಂದು ಬಯಸುವವನು ಒಂದು ಗುಂಡು ಹಾರಿಸಿದರೆ ಸಾಕು. ಇಸ್ರೇಲ್ ಮತ್ತು ಪಿಎಲ್‌ಒ 1993ರಲ್ಲಿ ಮಾಡಿಕೊಂಡ ಓಸ್ಲೋ ಒಪ್ಪಂದದ ಕಾಲದಲ್ಲಿ ಆದದ್ದೂ ಇದೇ. 1994ರ ಫೆಬ್ರವರಿಯಲ್ಲಿ ಹೆಬ್ರಾನ್‌ನ ಮಸೀದಿಯಲ್ಲಿ ಯಹೂದಿ ಉಗ್ರನೊಬ್ಬ ಪ್ರಾರ್ಥನೆಯಲ್ಲಿದ್ದ 29 ಮಂದಿಯನ್ನು ಕೊಂದ. ಹಮಾಸ್ ಆತ್ಮಾಹುತಿ ದಾಳಿಗಳ ಸರಣಿಯನ್ನೇ ನಡೆಸಿತು. 1995ರ ನವೆಂಬರ್‌ನಲ್ಲಿ ಪ್ರಧಾನಿ ಯಿತ್ಝಾಕ್ ರಾಬಿನ್ ಅವರನ್ನು ಕೊಂದವನು ಇಸ್ರೇಲಿ ಯಹೂದಿಯೇ. ಒಪ್ಪಂದಕ್ಕೆ ಸಹಿ ಹಾಕಿದವರಿಗಿಂತ ಅದನ್ನು ಒಪ್ಪದವರೇ ಬಲಶಾಲಿಗಳಾದರು. ಹಾಗಾಗದಂತೆ ತಡೆಯಬೇಕಾದರೆ, ಉಲ್ಲಂಘನೆಯ ದೂರು ಬಂದ ಕೂಡಲೇ ಸ್ಥಳಕ್ಕೆ ಹೋಗಿ ಪರಿಶೀಲಿಸಿ, ಇಂಥವರೇ ಮಾಡಿದ್ದೆಂದು ಹೇಳುವ ಅಧಿಕಾರವಿರುವ ಮೂರನೆಯವರು ಬೇಕು. ಅಮೆರಿಕ, ಈಜಿಪ್ಟ್, ಕತಾರ್, ಟರ್ಕಿ ಮಧ್ಯಸ್ಥರಾಗಿದ್ದರೂ, ದೂರುಗಳನ್ನು ವಿಚಾರಿಸಿ ಎರಡೂ ಕಡೆಯವರನ್ನು ಕಟ್ಟಿಹಾಕುವ ಅಂಥ ವ್ಯವಸ್ಥೆ ಅಕ್ಟೋಬರ್ 28ರಂದು ಕೆಲಸಕ್ಕೆ ಬರಲಿಲ್ಲ.

ಇನ್ನೊಂದು ಕೆಲಸ ಸಾಕ್ಷ್ಯದ್ದು. ಯಾವ ಕಟ್ಟಡದ ಮೇಲೆ ಯಾವ ಮಾಹಿತಿಯ ಆಧಾರದಲ್ಲಿ ಬಾಂಬು ಬಿತ್ತು ಎಂಬ ದಾಖಲೆ ಇಸ್ರೇಲ್ ಸೇನೆಯ ಬಳಿ ಇದೆ. ಒತ್ತೆಯಾಳುಗಳನ್ನು ಎಲ್ಲೆಲ್ಲಿ ಇಟ್ಟರು, ಯಾರ ಆದೇಶದಂತೆ ಕೊಂದರು ಎಂಬುದು ಬದುಕುಳಿದಿರುವ ಹಮಾಸ್ ಸದಸ್ಯರಿಗೆ ಗೊತ್ತಿದೆ. ಅವಶೇಷಗಳಡಿ ಇನ್ನೂ ಸಾವಿರಾರು ಶವಗಳಿವೆ ಎಂದು ಅಂದಾಜಿದೆ. ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಗಾಜಾ ಪ್ರವೇಶಿಸಲು ಇಸ್ರೇಲ್ 2023ರ ಅಕ್ಟೋಬರ್‌ನಿಂದ ಬಿಟ್ಟಿಲ್ಲ. ಕದನವಿರಾಮದ ನಂತರ ಬುಲ್ಡೋಜರ್‌ಗಳು ಅವಶೇಷ ತೆರವಿಗೆ ಇಳಿಯುವ ಮೊದಲು ವಿಧಿವಿಜ್ಞಾನ ತಜ್ಞರೂ ತನಿಖಾಧಿಕಾರಿಗಳೂ ಪತ್ರಕರ್ತರೂ ಒಳಗೆ ಹೋಗುವಂತಾಗಬೇಕು; 2024ರ ಜನವರಿಯಲ್ಲಿ ಐಸಿಜೆ ಸಾಕ್ಷ್ಯ ರಕ್ಷಣೆಗೆ ಕೊಟ್ಟ ಆದೇಶ ಈಗಲೂ ಜಾರಿಯಲ್ಲಿದೆ.